ಅಂಜದೀವದ ಸಿಹಿನೀರು

ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿ ಹಿಡಿದು ಬೈತಖೋಲದ ಬಂದರು ದಾಟಿದರೆ ಬಿಣಗಾ. ಅಲ್ಲಿಂದ ಪಡುವಣಕ್ಕೆ, ಕಡಲಿನ ಮೇಲೆ ಉದ್ದಕ್ಕೆ ಮಲಗಿದಂತಿರುವ ಹಸಿರು ಗುಡ್ಡವೇ ಅಂಜದೀವ. ಉದ್ದ ಒಂದೂವರೆ ಕಿಲೋಮೀಟರಿನ ಆಸುಪಾಸು, ಅಗಲ ಅದರ ಕಾಲುಭಾಗವೂ ಇಲ್ಲ. ದಡಕ್ಕೂ ಅದಕ್ಕೂ ನಡುವೆ ಎರಡು ಕಿಲೋಮೀಟರಿಗಿಂತ ಕಡಿಮೆ ನೀರು. ನೋಡಿದವರು ಯಾರಾದರೂ ಇದು ಕಾರವಾರದ ದ್ವೀಪ ಎಂದೇ ಹೇಳುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಮಾತ್ರ ಅದು ಗೋವಾ ರಾಜ್ಯದ ಕಾಣಕೋಣ ತಾಲ್ಲೂಕಿಗೆ ಸೇರಿದ್ದು. ಕರ್ನಾಟಕದ ಕಡಲಂಚಿನಲ್ಲಿ ಹೀಗೆ ಒಂದು ತುಣುಕು ನೆಲ ಪಕ್ಕದ ರಾಜ್ಯದ ಪಾಲಾಗಿ ಉಳಿದದ್ದಕ್ಕೆ ಕಾರಣ ಹುಡುಕುತ್ತ ಹೋದರೆ ಐದು ಶತಮಾನಗಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಆದರೆ ಮೊದಲು ನೆಲದ ಗುಣ ತಿಳಿಯಬೇಕು. ಕಾಳಿ ನದಿಯ ಅಳಿವೆಯ ಎದುರು ಕುರ್ಮಗಡ, ದೇವಗಡ ಮೊದಲಾಗಿ ನಡುಗಡ್ಡೆಗಳು ಇನ್ನೂ ಇವೆ. ಅವುಗಳಲ್ಲಿ ಯಾವುದಕ್ಕೂ ಅಂಜದೀವಕ್ಕಿದ್ದಷ್ಟು ಬೇಡಿಕೆ ಇರಲಿಲ್ಲ. ಈ ದ್ವೀಪದ ಪಡುವಣ ಮಗ್ಗುಲು ಕಡಿದಾದ ಬಂಡೆ. ತೆರೆದ ಕಡಲಿನ ಅಲೆ ಅಲ್ಲಿ ಬಡಿದು ನಿಲ್ಲುತ್ತದೆ. ಮೂಡಣ ಮಗ್ಗುಲು ಗುಡ್ಡದ ಮರೆಯಲ್ಲಿದೆ. ಅಲ್ಲಿ ಹಡಗು ಲಂಗರು ಹಾಕಿ ಗಾಳಿಯ ಭಯವಿಲ್ಲದೆ ನಿಲ್ಲಬಹುದು. ಇಳಿದರೆ ತೆಂಗಿನ ನೆರಳು, ಸೌದೆಗೆ ಕಾಡು. ಎಲ್ಲಕ್ಕಿಂತ ಮಿಗಿಲಾಗಿ ಕುಡಿಯಲು ಸಿಹಿನೀರು. ತಿಂಗಳುಗಟ್ಟಲೆ ಪೀಪಾಯಿಯ ಹಳಸು ನೀರು ಕುಡಿದು ಬರುತ್ತಿದ್ದ ಹಾಯಿಹಡಗಿನ ನಾವಿಕರಿಗೆ ಸುತ್ತಲೂ ಉಪ್ಪುನೀರಿರುವ ಜಾಗದಲ್ಲಿ ಕಟ್ಟಿದ ಕೆರೆ ಸಿಕ್ಕಿದರೆ ಅದಕ್ಕಿಂತ ದೊಡ್ಡ ಸಂಪತ್ತು ಬೇರೆ ಇರಲಿಲ್ಲ. ದಡದ ಊರುಗಳಲ್ಲಿ ನೀರು ಬೇಕೆಂದರೆ ಅಲ್ಲಿನ ದೊರೆಯ ಅಪ್ಪಣೆ ಬೇಕು, ಸುಂಕ ತೆರಬೇಕು, ಕೆಲವೊಮ್ಮೆ ಕಾದಾಡಬೇಕು. ದ್ವೀಪದಲ್ಲಿ ಕೇಳುವವರು ಕಡಿಮೆ. ಅಂಜದೀವದ ಇತಿಹಾಸವೆಲ್ಲ ಈ ಒಂದು ಅನುಕೂಲದಿಂದ ಹುಟ್ಟಿದ್ದು. ಅದರ ದುರಂತಗಳು ಹುಟ್ಟಿದ್ದೂ ಅಲ್ಲಿಂದಲೇ. ಇಲ್ಲಿಗೆ ಬಂದವರಲ್ಲಿ ಬಹುಮಂದಿಗೆ ಬೇಕಾದದ್ದು ಇನ್ನೊಂದು ಊರು. ಒಬ್ಬರಿಗೆ ಗೋವೆ, ಇನ್ನೊಬ್ಬರಿಗೆ ಬೊಂಬಾಯಿ, ಕೊನೆಗೆ ಬಂದವರಿಗೆ ಕಾರವಾರದ ಇಡೀ ಕೊಲ್ಲಿ.

ದ್ವೀಪದಲ್ಲಿ ಪೋರ್ಚುಗೀಸರಿಗಿಂತ ಮೊದಲೇ ದೇವಸ್ಥಾನವಿತ್ತು, ಪೂಜೆಯಿತ್ತು. ಅಂಕೋಲೆಯ ಆರ್ಯಾದುರ್ಗೆಯ ಮೂಲನೆಲೆ ಅಂಜದೀವ, ಅಲ್ಲಿಂದಲೇ ದೇವಿಯನ್ನು ಅಂಕೋಲೆಗೆ ತಂದರು ಎಂಬ ನಂಬಿಕೆ ಕರಾವಳಿಯಲ್ಲಿ ಇಂದಿಗೂ ಗಟ್ಟಿಯಾಗಿದೆ. 1342ರ ಸುಮಾರಿಗೆ ಇಬ್ನ್ ಬತೂತ ಈ ಕಡಲಿನಲ್ಲಿ ಹಾದುಹೋದ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದವನು ಅವನು. ಗೋವೆಯಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ ದಡಕ್ಕೆ ಹತ್ತಿರದ ಪುಟ್ಟ ದ್ವೀಪವೊಂದರಲ್ಲಿ ತಂಗಿದ್ದನ್ನು ಬರೆದಿದ್ದಾನೆ. ಅಲ್ಲಿ ಗುಡಿ ಇತ್ತು, ತೋಟವಿತ್ತು, ನೀರಿನ ಕೊಳವಿತ್ತು. ವಿದ್ವಾಂಸರು ಅದನ್ನು ಅಂಜದೀವವೆಂದು ಗುರುತಿಸಿದ್ದಾರೆ.

ಗುಡಿಯ ಗೋಡೆಗೆ ಒರಗಿ, ಎರಡು ಮೂರ್ತಿಗಳ ನಡುವೆ ಒಬ್ಬ ಜೋಗಿ ಕುಳಿತಿದ್ದ. ಮಾತಾಡಿಸಿದರೆ ಉತ್ತರವಿಲ್ಲ. ಅವನ ಬಳಿ ತಿನ್ನಲು ಏನಾದರೂ ಇದೆಯೇ ಎಂದು ಇವರು ಹುಡುಕಾಡುತ್ತಿದ್ದಾಗ ಜೋಗಿ ಒಮ್ಮೆ ಕೂಗಿದ, ಮರದಿಂದ ತೆಂಗಿನಕಾಯಿ ಬಿತ್ತು. ಅದನ್ನು ಅತಿಥಿಗಳ ಕೈಗಿತ್ತ. ಹಣ ಕೊಡಹೋದರೆ ಮುಟ್ಟಲಿಲ್ಲ. ಬದಲಿಗೆ ತಾನೇ ಇವರಿಗೆ ಹಣ ಕೊಟ್ಟ, ಒಂಟೆಯುಣ್ಣೆಯ ನಿಲುವಂಗಿಯನ್ನೂ ಕೊಟ್ಟ. ಬತೂತನ ಕೈಲಿದ್ದ ಜಪಮಾಲೆಯನ್ನು ಸವರಿ ನೋಡಿದ. ಬತೂತ ಅದನ್ನು ಅವನಿಗೇ ಕೊಟ್ಟಾಗ ಮುತ್ತಿಟ್ಟು, ಮೊದಲು ಆಕಾಶದತ್ತ, ಆಮೇಲೆ ಮೆಕ್ಕಾದ ದಿಕ್ಕಿಗೆ ಬೆರಳು ತೋರಿಸಿದ. ಈತ ತನ್ನ ಮತವನ್ನು ದ್ವೀಪದ ಜನರಿಂದ ಮುಚ್ಚಿಟ್ಟಿರುವ ಮುಸಲ್ಮಾನ ಎಂದು ಬತೂತ ಅರ್ಥ ಮಾಡಿಕೊಂಡ. ಜೋಗಿಯ ಮನಸ್ಸಿನಲ್ಲಿ ನಿಜಕ್ಕೂ ಏನಿತ್ತೋ, ಯಾತ್ರಿಕ ಅದನ್ನು ತನ್ನ ಕಣ್ಣಿನಿಂದ ಓದಿದ. ನನಗೆ ಈ ಪ್ರಸಂಗದಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಅಂಜದೀವಕ್ಕೆ ಬಂದುಹೋದವರ ದೊಡ್ಡ ಸಾಲಿನಲ್ಲಿ, ದ್ವೀಪದಿಂದ ಏನನ್ನೂ ಕಿತ್ತುಕೊಳ್ಳದೆ ಒಂದು ಜಪಮಾಲೆಯನ್ನು ಬಿಟ್ಟುಹೋದವನು ಇವನು.

ನೂರೈವತ್ತು ವರ್ಷ ಕಳೆಯಿತು. 1498ರ ಸೆಪ್ಟೆಂಬರಿನಲ್ಲಿ ಮೂರು ಹಡಗುಗಳು ದ್ವೀಪದ ಮರೆಗೆ ಬಂದು ನಿಂತವು. ಕಲ್ಲಿಕೋಟೆಯ ಸಾಮೂದಿರಿಯ ಜೊತೆ ವ್ಯವಹಾರ ಕುದುರದೆ, ಮನಸ್ತಾಪ ಕಟ್ಟಿಕೊಂಡು ಆಗಸ್ಟ್ ಕೊನೆಗೆ ಹೊರಟಿದ್ದ ವಾಸ್ಕೋ ಡ ಗಾಮನ ಹಡಗುಗಳು ಅವು. ಅಷ್ಟು ದೊಡ್ಡ ಕಡಲು ದಾಟಿ ಆಫ್ರಿಕಾದ ದಡ ಸೇರಬೇಕಿದ್ದರೆ ಹಡಗಿನ ತಳ ಶುಚಿಯಾಗಬೇಕು, ಪೀಪಾಯಿಗಳು ತುಂಬಬೇಕು. ಆ ಯಾನದಲ್ಲಿ ಜೊತೆಗಿದ್ದ ಒಬ್ಬಾತ ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಅಂಜದೀವದ ಬಗ್ಗೆ ಅವನು ಕೊಡುವ ವಿವರಗಳು ಬೇರಾವ ದರ್ಬಾರಿ ಇತಿಹಾಸಕಾರನ ಪುಟಗಳಿಗಿಂತ ನೆಲಕ್ಕೆ ಹತ್ತಿರವಾಗಿವೆ.

ದ್ವೀಪದಲ್ಲಿ ಕೆತ್ತನೆಯ ಕಲ್ಲಿನಿಂದ ಕಟ್ಟಿದ ದೊಡ್ಡ ಕಟ್ಟಡವೊಂದು ಪಾಳು ಬಿದ್ದಿತ್ತು. ಮುಸಲ್ಮಾನರು ಕೆಡವಿದರೆಂದು ಅಲ್ಲಿನವರು ಹೇಳಿದರಂತೆ. ಗರ್ಭಗುಡಿಯಂಥ ಒಂದು ಭಾಗ ಉಳಿದಿತ್ತು. ಅದಕ್ಕೆ ಹುಲ್ಲಿನ ಮಾಡು ಹೊದಿಸಿ ಒಳಗಿದ್ದ ಮೂರು ಕರಿಕಲ್ಲುಗಳಿಗೆ ಜನ ಪೂಜೆ ಮಾಡುತ್ತಿದ್ದರು. ದಿನಚರಿಕಾರ ಅದನ್ನು ಇಗರ್ಜಿ ಎಂದೇ ಕರೆಯುತ್ತಾನೆ. ಹಿಂದೂ ಗುಡಿಗಳನ್ನು ಕ್ರೈಸ್ತರ ಇಗರ್ಜಿಗಳೆಂದು ಆ ನಾವಿಕರು ಕಲ್ಲಿಕೋಟೆಯಲ್ಲೂ ನಂಬಿದ್ದರು. ಗುಡಿಯಾಚೆ ಅದೇ ಬಗೆಯ ಕಲ್ಲುಗೆಲಸದ ಕೆರೆ. ಬೇಕಾದಷ್ಟು ನೀರು ಅಲ್ಲಿಂದ ತುಂಬಿಸಿಕೊಂಡರು. ಗುಡ್ಡದ ನೆತ್ತಿಯ ಮೇಲೆ ಇನ್ನೊಂದು ಕೆರೆ, ನಾಲ್ಕು ಮಾರು ಆಳದ್ದು. ಇಷ್ಟು ಚಿಕ್ಕ ನಡುಗಡ್ಡೆಯ ತುದಿಯಲ್ಲಿ ಅಷ್ಟು ಆಳಕ್ಕೆ ಕಟ್ಟಿ ನೀರು ನಿಲ್ಲಿಸಿದವರು ಯಾರೋ ನೆಲೆಯಾಗಿ ಬದುಕಿದವರೇ ಆಗಿರಬೇಕು. ಒಂದೆರಡು ವಾರ ತಂಗಿಹೋಗುವವರು ಕೆರೆ ಕಟ್ಟುವುದಿಲ್ಲ.

ಎದುರಿನ ದಡದ ಜನ ದೋಣಿಯಲ್ಲಿ ಬಂದರು. ಕುಂಬಳ, ಸೌತೆ ತಂದರು. ದಾಲ್ಚಿನ್ನಿ ಇದೆ ಎಂದಾಗ ಗಾಮ ಇಬ್ಬರನ್ನು ಅವರ ಜೊತೆ ಕಳಿಸಿದ. ಹೋದವರು ಹಸಿ ಟೊಂಗೆಗಳನ್ನು ಮುರಿದು ತಂದು ತೋರಿಸಿದರು. ಅವರೊಡನೆ ಊರಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಕೋಳಿ, ಹಸುವಿನ ಹಾಲು ಹೊತ್ತುಕೊಂಡು ಬಂದರು. ಇನ್ನೊಮ್ಮೆ ಎರಡು ದೋಣಿಗಳು ಬಾವುಟ ಹಾರಿಸುತ್ತ, ಡೋಲು ಬಡಿಯುತ್ತ ಹತ್ತಿರ ಬಂದಾಗ, ಇವರನ್ನು ಬಳಿಗೆ ಬಿಟ್ಟುಕೊಳ್ಳಬೇಡಿ, ಕಳ್ಳರು ಎಂದು ಎಚ್ಚರಿಸಿದವರೂ ಊರವರೇ. ಹಾಲು ಕೊಟ್ಟು, ಕಾಡು ತೋರಿಸಿ, ಅಪಾಯ ತಿಳಿಸಿದ ಇವರಲ್ಲಿ ಒಬ್ಬರ ಹೆಸರೂ ದಿನಚರಿಯಲ್ಲಿಲ್ಲ.

ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸ್ ಬರಹಗಳ ತಿಮೋಜ, ಎಂಟು ದೋಣಿಗಳನ್ನು ಜೊತೆಗೆ ಬಿಗಿದು ಮೇಲೆ ಸೊಪ್ಪುಸದೆ ಹೊದಿಸಿ ತೇಲುವ ದ್ವೀಪದಂತೆ ಮಾಡಿಕೊಂಡು ಗಾಮನ ಮೇಲೆ ಬಂದ ಎಂಬ ಕತೆ ಬಹಳ ಕಡೆ ಕಾಣುತ್ತದೆ. ಅದನ್ನು ಹೇಳಿದವನು ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರ್ರೆಯಾ, ದಶಕಗಳ ನಂತರ. ಕಣ್ಣಾರೆ ಕಂಡವನ ದಿನಚರಿಯಲ್ಲಿ ಸೊಪ್ಪೂ ಇಲ್ಲ, ತೇಲುವ ದ್ವೀಪವೂ ಇಲ್ಲ. ಅಲ್ಲಿರುವುದು ಹಡಗುಗಳು ಬಂದವು, ಒಂದರ ಚುಕ್ಕಾಣಿ ಮುರಿಯಿತು, ಬಿಟ್ಟುಹೋದ ಆ ಹಡಗಿನಲ್ಲಿ ತೆಂಗಿನಕಾಯಿ, ಬೆಲ್ಲ, ಆಯುಧಗಳು ಸಿಕ್ಕವು ಎಂಬಷ್ಟೆ. ನಾನು ಈ ಸಾದಾ ಮಾತನ್ನೇ ನಂಬುತ್ತೇನೆ.

ಹಡಗುಗಳನ್ನು ಗುಡಿಯ ಎದುರಿಗೆ ಮಗ್ಗುಲಾಗಿಸಿ ತಳ ಕೆರೆಯುತ್ತಿದ್ದಾಗ ನಲವತ್ತರ ಆಸುಪಾಸಿನ ಒಬ್ಬಾತ ಬಂದ. ಮೈಮೇಲೆ ನಯವಾದ ನಾರುಬಟ್ಟೆ, ತಲೆಗೆ ಒಳ್ಳೆಯ ಪೇಟ, ಸೊಂಟದಲ್ಲಿ ಕತ್ತಿ. ವೆನಿಸ್ಸಿನ ಮಾತನ್ನು ಚೆನ್ನಾಗಿ ಆಡುತ್ತಿದ್ದ. ಕಪ್ತಾನರನ್ನು ಅಪ್ಪಿಕೊಂಡ. ತಾನು ಪಶ್ಚಿಮದ ಕ್ರೈಸ್ತ, ಚಿಕ್ಕಂದಿನಲ್ಲೇ ಈ ನಾಡಿಗೆ ಬಂದೆ, 40,000 ಕುದುರೆಸವಾರರ ಒಡೆಯನೊಬ್ಬನ ಸೇವೆಯಲ್ಲಿದ್ದೇನೆ, ಹೊರಗೆ ಮುಸಲ್ಮಾನನಾದರೂ ಮನಸ್ಸಿನಲ್ಲಿ ಕ್ರೈಸ್ತನೇ ಎಂದ. ಮಾತು ಮಾತು ಮಾತು. ನಡುವೆ, ದಡದಲ್ಲಿ ಉಳಿದಿರುವ ಗೆಳೆಯನಿಗೆ ಎಲ್ಲ ಕ್ಷೇಮವೆಂಬ ಗುರುತಿಗಾಗಿ ಕಳಿಸಬೇಕು, ಒಂದು ಚೀಸ್ ಕೊಡಿ ಎಂದು ಕೇಳಿದ. ಒಂದು ಚೀಸನ್ನೂ ಎರಡು ಮೆದು ರೊಟ್ಟಿಗಳನ್ನೂ ಕೊಟ್ಟರು. ಗಾಮನ ಅಣ್ಣ ಪಾವ್ಲೋಗೆ ಸಂಶಯ ಬಂತು. ಅವನ ಜೊತೆ ಬಂದವರನ್ನು ಪಕ್ಕಕ್ಕೆ ಕರೆದು ವಿಚಾರಿಸಿದ. ದಾಳಿಗೆ ಮೊದಲು ತಮ್ಮ ಬಲ ಅಳೆಯಲು ಬಂದ ಗೂಢಚಾರ ಎಂದು ಗೊತ್ತಾಯಿತು. ಹಿಡಿದು ಹೊಡೆದರು, ಹಿಂಸಿಸಿದರು. ಅವನನ್ನು ಹಡಗಿನಲ್ಲೇ ಇಟ್ಟುಕೊಂಡು ಹೊರಟಮೇಲೆ ಪೂರ್ತಿ ನಿಜ ಹೊರಬಿತ್ತು.

ಯಹೂದಿ ಮೂಲದ ಈ ಮನುಷ್ಯ ಗೋವೆಯಲ್ಲಿ ಬಿಜಾಪುರದ ಆದಿಲಶಾಹನ ಸೇವೆಯಲ್ಲಿದ್ದವನು. ಲಿಸ್ಬನ್‌ನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಹೊಡೆಸಿದ ಗಾಮನ ಮನೆತನದ ಹೆಸರೇ ಅವನದೂ ಆಗಿ ಗಾಸ್ಪರ್ ಡ ಗಾಮನಾದ. 1500ರಲ್ಲಿ ಪೋರ್ಚುಗೀಸ್ ಕಪ್ತಾನ ಕಬ್ರಾಲ್‌ನ ಜೊತೆ ದುಬಾಷಿಯಾಗಿ ಹೊರಟು, ಬ್ರೆಜಿಲಿನ ದಡದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಮೊದಲು ಎದುರುಗೊಂಡವರಲ್ಲಿ ಒಬ್ಬನಾದ. ಅದೇ ವರ್ಷ ಆಗಸ್ಟಿನಲ್ಲಿ ಕಬ್ರಾಲ್‌ನ ಹಡಗುಗಳು ಮತ್ತೆ ಅಂಜದೀವದಲ್ಲಿ ನೀರು ತುಂಬಿಸಿಕೊಂಡವು. ತಾನು ಸಿಕ್ಕಿಬಿದ್ದ ದಡಕ್ಕೇ ಗಾಸ್ಪರ್ ಎರಡು ವರ್ಷದೊಳಗೆ ವಾಪಸು ಬಂದಿದ್ದ.

1498ರ ಅಕ್ಟೋಬರ್ 5ರಂದು ಗಾಮನ ಹಡಗುಗಳು ಅಂಜದೀವ ಬಿಟ್ಟವು. ಮುಂಗಾರಿನ ಗಾಳಿ ಮುಗಿದು ಹಿಂಗಾರಿನ ಗಾಳಿ ಇನ್ನೂ ಹಿಡಿದಿರದ ಹೊತ್ತು. ಅರಬ್ಬೀ ಕಡಲಿನ ನಾವಿಕರು ಯಾರೂ ಆ ದಿನಗಳಲ್ಲಿ ಪಡುವಣಕ್ಕೆ ಹೊರಡುತ್ತಿರಲಿಲ್ಲ. ಹಡಗುಗಳು ಕಡಲಿನ ನಡುವೆ ತೊಳಲಾಡಿದವು. ಆಫ್ರಿಕಾ ಕಾಣಲು ಮೂರು ತಿಂಗಳಿಗೆ ಮೂರು ದಿನ ಕಡಿಮೆ ಹಿಡಿಯಿತು. ವಸಡು ಊದಿ ಹಲ್ಲು ಮುಚ್ಚಿ, ಕಾಲು ಬಾತು, ದಾರಿಯಲ್ಲಿ 30 ಮಂದಿ ಸತ್ತರು. ಕೊನೆಗೆ ಒಂದೊಂದು ಹಡಗು ನಡೆಸಲು ಏಳೆಂಟು ಮಂದಿ ಮಾತ್ರ ಉಳಿದಿದ್ದರು.

ಏಳು ವರ್ಷದ ನಂತರ ಪೋರ್ಚುಗೀಸರು ಬಂದದ್ದು ನೆಲೆಯೂರುವುದಕ್ಕೆ. ಮೊದಲ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡಾ 1505ರ ಸೆಪ್ಟೆಂಬರಿನಲ್ಲಿ ಅಂಜದೀವಕ್ಕೆ ಬಂದಿಳಿದು ಕೋಟೆ ಕಟ್ಟಿಸತೊಡಗಿದ. ಭಾರತದಲ್ಲಿ ಎಲ್ಲೆಲ್ಲಿ ಕೋಟೆ ಬೇಕು ಎಂಬ ಲಿಸ್ಬನ್ನಿನ ಅಪ್ಪಣೆಯ ಪಟ್ಟಿಯಲ್ಲಿ ಕಣ್ಣೂರು, ಕೊಚ್ಚಿ, ಕೊಲ್ಲಂ ಜೊತೆ ಈ ಪುಟ್ಟ ಗುಡ್ಡದ ಹೆಸರೂ ಇತ್ತು. ಮಾನುಯೆಲ್ ಪಸಾನ್ಯನ ಕೈಕೆಳಗೆ 80 ಸೈನಿಕರನ್ನು ಬಿಟ್ಟು ಅಲ್ಮೇಡಾ ಮುಂದೆ ಹೋದ. ಹೋಗುವಾಗ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟ. ಕಡಲ ಮೇಲೆ ಯಾರಿಗೆ ಯಾವ ಹಕ್ಕು ಎಂದು ಕೋಟೆಯಿಂದ ತೀರ್ಮಾನಿಸುವ ಕಾಲ ನಮ್ಮ ಕರಾವಳಿಯಲ್ಲಿ ಶುರುವಾದದ್ದು ಹೀಗೆ. ಆದರೆ ಈ ಕೋಟೆ ಬಾಳಲಿಲ್ಲ. ಗೋವೆ ಆದಿಲಶಾಹನ ಕೈಲಿತ್ತು. ಅವನ ಕಡೆಯ ದೋಣಿಪಡೆ 1506ರಲ್ಲಿ ದ್ವೀಪವನ್ನು ಮುತ್ತಿತು. ಅದನ್ನು ನಡೆಸಿದವನು ಮತ ಬದಲಿಸಿಕೊಂಡ ಒಬ್ಬ ಪೋರ್ಚುಗೀಸನೇ ಎಂದು ಅವರ ಇತಿಹಾಸಕಾರರು ಬರೆಯುತ್ತಾರೆ. ಮುತ್ತಿಗೆ ವಿಫಲವಾಯಿತು, ಆದರೆ ಮಳೆಗಾಲದಲ್ಲಿ ಕೊಚ್ಚಿಯಿಂದ ನೆರವು ಬರಲಾರದು ಎಂಬ ಸತ್ಯ ಗೊತ್ತಾಯಿತು. 1507ರ ಹೊತ್ತಿಗೆ ಪೋರ್ಚುಗೀಸರೇ ಕೋಟೆ ಕೆಡವಿ ಎದ್ದುಹೋದರು.

1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೋ ಡಿ ಅಲ್ಬುಕರ್ಕ್ ತಿಮ್ಮಯ್ಯನ ಪ್ರೇರಣೆಯಿಂದ ಗೋವೆಯನ್ನು ಹಿಡಿದು, ಕಳೆದುಕೊಂಡು, ಮಳೆಗಾಲವಿಡೀ ಮಾಂಡವಿಯ ಬಾಯಲ್ಲಿ ಹಸಿವಿನಿಂದ ನರಳಿ, ಆಗಸ್ಟಿನಲ್ಲಿ ಹೊರಬಿದ್ದಾಗ ಮೊದಲು ಬಂದು ನಿಂತದ್ದು ಅಂಜದೀವದಲ್ಲಿ. ಲಿಸ್ಬನ್ನಿನಿಂದ ಮಲಾಕ್ಕಾಗೆ ಹೊರಟಿದ್ದ ಹೊಸ ಹಡಗುಗಳು ಅಲ್ಲಿ ಅವನಿಗೆ ಸಿಕ್ಕಿದವು. ಅವನ್ನು ತನ್ನ ಕೆಲಸಕ್ಕೆ ತಿರುಗಿಸಿಕೊಂಡ. ನವೆಂಬರ್ 25ಕ್ಕೆ ಗೋವೆ ಶಾಶ್ವತವಾಗಿ ಪೋರ್ಚುಗೀಸರ ವಶವಾಯಿತು. ದೊಡ್ಡ ಬಂದರು ಕೈಗೆ ಬಂದಮೇಲೆ ಸಣ್ಣ ದ್ವೀಪದ ಗೊಡವೆ ಯಾರಿಗೆ ಬೇಕು? ಮುಂದಿನ ನೂರೈವತ್ತು ವರ್ಷ ಅಂಜದೀವದ ಹೆಸರು ದಾಖಲೆಗಳಲ್ಲಿ ಅಪರೂಪ.

ಮತ್ತೆ ಅದು ಕಾಣಿಸಿಕೊಂಡದ್ದು ಸಾವಿನ ಲೆಕ್ಕದಲ್ಲಿ. 1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೂ ಪೋರ್ಚುಗಲ್ಲಿನ ಕ್ಯಾಥರೀನ್ ರಾಜಕುಮಾರಿಗೂ ಮದುವೆ ಒಪ್ಪಂದವಾಗಿ, ಬೊಂಬಾಯಿ ದ್ವೀಪವನ್ನು ವರದಕ್ಷಿಣೆಯ ಭಾಗವಾಗಿ ಬರೆದುಕೊಟ್ಟರು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಯ ಜೊತೆ 400 ಸೈನಿಕರು 1662ರಲ್ಲಿ ಹೊರಟರು. ಹಡಗುಗಳ ಮುಖ್ಯಸ್ಥ ಮಾರ್ಲ್‌ಬರೋ ಅರ್ಲ್. ಪೋರ್ಚುಗೀಸರ ಹೊಸ ವೈಸರಾಯ್ ಅಂಟೋನಿಯೋ ಡಿ ಮೆಲೋ ಇ ಕಾಸ್ಟ್ರೋ ಕೂಡ ಅದೇ ಹಡಗುಗಳಲ್ಲಿ ಬಂದ. ಸೆಪ್ಟೆಂಬರಿನಲ್ಲಿ ಬೊಂಬಾಯಿ ಸೇರಿದಾಗ ಆ ವೈಸರಾಯನೇ, ಅಧಿಕಾರಪತ್ರ ಸರಿಯಿಲ್ಲ, ದ್ವೀಪ ಬಿಟ್ಟುಕೊಡಲಾರೆ ಎಂದ. ಒಪ್ಪಂದದಲ್ಲಿ ಬೊಂಬಾಯಿ ಎಂದರೆ ಎಷ್ಟು ನೆಲ, ಪಕ್ಕದ ಸಾಷ್ಟಿ ದ್ವೀಪ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬ ತಕರಾರು ಬೇರೆ. ಸೂರತ್ತಿನಲ್ಲಿ ಇಳಿಸೋಣವೆಂದರೆ ಅಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರು, ನಾಲ್ಕುನೂರು ಬಂದೂಕುಧಾರಿಗಳು ಬಂದರೆ ಮೊಗಲ ಅಧಿಕಾರಿಗಳು ನಮ್ಮನ್ನು ಉಳಿಸುತ್ತಾರೆಯೇ ಎಂದು ಹೆದರಿದರು. ಅರ್ಲ್ ತನ್ನ ಹಡಗುಗಳೊಂದಿಗೆ ಇಂಗ್ಲೆಂಡಿಗೆ ಮರಳಿದ. ಶಿಪ್‌ಮನ್ನನೂ ಅವನ ಜನರೂ ಇಳಿಯಲು ಎಲ್ಲೂ ನೆಲ ಸಿಗದೆ ಅಂಜದೀವಕ್ಕೆ ಬಂದರು.

ಅವರು ಕಳೆದದ್ದು ಎರಡು ಮಳೆಗಾಲ. ಕಾರವಾರದ ಮಳೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನ ತನಕ ಹೆಂಚಿನ ಮಾಡಿರುವ ಮನೆಯೊಳಗೂ ಗೋಡೆ ಒದ್ದೆ, ಬಟ್ಟೆ ಒದ್ದೆ. ಆ ಸೈನಿಕರಿಗೆ ಸರಿಯಾದ ಸೂರೂ ಇರಲಿಲ್ಲ. ಗುಡ್ಡದ ಮೇಲಿನ ಹಳೆಯ ಕೋಟೆಯನ್ನು ಅದರ ಒಡೆಯರೇ ಕೆಡವಿ ಒಂದೂವರೆ ಶತಮಾನ ದಾಟಿತ್ತು. ಆಹಾರ ದಡದಿಂದ ಬರಬೇಕು, ಮಳೆಗಾಲದಲ್ಲಿ ದೋಣಿ ಹಾಯಲಾರದು. ಜ್ವರ, ಆಮಶಂಕೆ, ಜೊತೆಗೆ ಸಾರಾಯಿ. ಕೆರೆಯ ನೀರು ಅಲ್ಲೇ ಇತ್ತು. ಆದರೆ ಹತ್ತು ದಿನ ತಂಗುವವನಿಗೆ ಸಾಲುವ ಸೌಕರ್ಯ ವರ್ಷಗಟ್ಟಲೆ ಉಳಿಯುವವನಿಗೆ ಸಾಲುವುದಿಲ್ಲ. ಶಿಪ್‌ಮನ್ 1664ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡ. ಬೊಂಬಾಯಿಯನ್ನು ವಹಿಸಿಕೊಳ್ಳಲು ಅವನ ಹೆಸರಿಗೆ ಬರೆದ ಹೊಸ ಅಧಿಕಾರಪತ್ರ ಬರುವಷ್ಟರಲ್ಲಿ ಅವನು ಮಣ್ಣಾಗಿದ್ದ. ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ ಮುಖ್ಯಸ್ಥನಾಗಿ, ಪೋರ್ಚುಗೀಸರು ಒಡ್ಡಿದ ಎಲ್ಲ ಷರತ್ತುಗಳಿಗೂ ತಲೆಬಾಗಿ, 1665ರ ಜನವರಿಯಲ್ಲಿ ಗೋವೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ. ಫೆಬ್ರುವರಿ 18ರಂದು ಬೊಂಬಾಯಿ ಇಂಗ್ಲಿಷರ ಕೈಸೇರಿತು. ಬಂದ 400 ಮಂದಿಯಲ್ಲಿ ಅಲ್ಲಿಗೆ ಮುಟ್ಟಿದವರು ಸುಮಾರು ನೂರು ಮಂದಿ.

ಈ ಘಟನೆಯನ್ನು ಮುಂಬಯಿಯ ಇತಿಹಾಸ ಬರೆದವರೆಲ್ಲ ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ಅವರಿಗೆ ಅದು ಬೊಂಬಾಯಿಯ ಕತೆಯ ಮುನ್ನುಡಿ ಮಾತ್ರ. ನನಗೆ ಹಾಗೆ ದಾಟಿಹೋಗಲು ಮನಸ್ಸು ಬರುವುದಿಲ್ಲ. ಈ ಸೈನಿಕರು ನಮ್ಮ ನೆಲಕ್ಕೆ ಆಕ್ರಮಣಕಾರರಾಗಿ ಬಂದವರು, ನಿಜ. ಆದರೆ ಒಂದು ಮದುವೆಯ ಕಾಗದದಲ್ಲಿ ಬರೆದ ಪದದ ಮೇಲೆ ಇಬ್ಬರು ದೊರೆಗಳ ಅಧಿಕಾರಿಗಳು ಜಗಳವಾಡುತ್ತಿದ್ದಾಗ, ಎದುರಿಗೆ ಕಾರವಾರದ ತೆಂಗಿನ ತೋಟಗಳನ್ನು ನೋಡುತ್ತ ಮುನ್ನೂರು ಮಂದಿ ಒಬ್ಬರ ಹಿಂದೊಬ್ಬರು ಸತ್ತರು. ಉಳಿದವರ ಪಾಡಿಗೆ ಮುಂದೊಂದು ತಿರುವಿತ್ತು. 1668ರಲ್ಲಿ ದೊರೆ ಬೊಂಬಾಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ವಹಿಸಿದಾಗ, ಅಲ್ಲಿದ್ದ ದೊರೆಯ ಸೈನಿಕರು ಕಂಪನಿಯ ಚಾಕರಿಗೆ ಸೇರಿದರು. ಬಾಂಬೆ ಯೂರೋಪಿಯನ್ ರೆಜಿಮೆಂಟಿನ ಬೇರು ಅಲ್ಲಿದೆ. ವ್ಯಾಪಾರದ ಕಂಪನಿಗೆ ಸ್ವಂತ ದಂಡು ಹುಟ್ಟಿಕೊಂಡ ಕತೆಯಲ್ಲಿ ಅಂಜದೀವದಿಂದ ಬದುಕಿ ಬಂದವರ ಪಾಲೂ ಇದೆ.

ಈಗ ದ್ವೀಪದಲ್ಲಿ ಕಾಣುವ ಕೋಟೆ 1682ರದು. ಮರಾಠಾ ದೊರೆ ಸಂಭಾಜಿ ಅಂಜದೀವದಲ್ಲಿ ನೆಲೆ ಮಾಡಿಕೊಳ್ಳುವ ಯೋಚನೆಯಲ್ಲಿದ್ದಾನೆ ಎಂಬ ಸುದ್ದಿ ಗೋವೆಗೆ ಮುಟ್ಟಿತು. ಮರಾಠರ ಹಡಗುಗಳು ಅಲ್ಲಿ ನಿಂತರೆ ಗೋವೆಯ ತೆಂಕಣ ದಾರಿ ಕಟ್ಟಾಗುತ್ತದೆ. ವೈಸರಾಯ್ ಆಲ್ವೋರ್ ಕೌಂಟ್ ತಡಮಾಡದೆ ಅಮಾರೋ ಸಿಮೋಯ್ಸ್‌ನನ್ನು ಕಳಿಸಿ ಮೇ ತಿಂಗಳಲ್ಲಿ ಕೋಟೆಯ ಅಡಿಗಲ್ಲು ಹಾಕಿಸಿದ. ಅಲ್ಲಿಂದ 279 ವರ್ಷ ಪೋರ್ಚುಗೀಸರ ಬಾವುಟ ದ್ವೀಪದಿಂದ ಇಳಿಯಲಿಲ್ಲ. ಎದುರು ದಡದಲ್ಲಿ ಸೋದೆಯ ಅರಸರು, ಹೈದರ್, ಟಿಪ್ಪು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಬಂದರು. 1760ರ ದಶಕದಲ್ಲಿ ಹೈದರನ ದಂಡಿಗೆ ಸೋತ ಸೋದೆಯ ಅರಸ ಗೋವೆಗೆ ಓಡಿಹೋದಾಗ ಕಾಣಕೋಣದ ಸೀಮೆಯೂ ಪೋರ್ಚುಗೀಸರ ಪಾಲಾಯಿತು. ಕಾರವಾರ ಮದರಾಸು ಪ್ರಾಂತಕ್ಕೆ, 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದ್ವೀಪ ಮಾತ್ರ ಗೋವೆಗೆ ಅಂಟಿಕೊಂಡೇ ಇತ್ತು.

ಕೋಟೆಯೊಳಗೆ ಊರು ಬೆಳೆಯಿತು. ನೋಸ್ಸಾ ಸೆನ್ಹೋರಾ ದಾಸ್ ಬ್ರೋತಾಸ್ ಎಂಬ ಹೆಸರಿನ ಮಾತೆಯ ಇಗರ್ಜಿ, ಸಂತ ಫ್ರಾನ್ಸಿಸ್ ಆಸಿಸಿಯ ಚಿಕ್ಕ ಪ್ರಾರ್ಥನಾಲಯ, ಪಹರೆಯವರ ಮನೆಗಳು. ಟಿಪ್ಪುವಿನ ಕಾಲದಲ್ಲಿ ಕನ್ನಡ ಜಿಲ್ಲೆಯ, ಬಿದನೂರು ಸೀಮೆಯ ಕ್ರೈಸ್ತರೂ ಹಿಂದೂಗಳೂ ಇಲ್ಲಿ ಆಸರೆ ಪಡೆದರು. ಗೋವೆಯ ಕೈದಿಗಳನ್ನು ತಂದಿಡುವ ಜಾಗವೂ ಇದೇ ಆಯಿತು. ಪ್ರಾಣ ಉಳಿಸಿಕೊಳ್ಳಲು ಬಂದವರೂ ಶಿಕ್ಷೆಗೆಂದು ಬಂದವರೂ ಕುಡಿದದ್ದು ಅದೇ ಬಾವಿಗಳ ನೀರು. ವರ್ಷಕ್ಕೆ ಎರಡು ಸಲ, ಫೆಬ್ರುವರಿ 2ರ ಮಾತೆಯ ಹಬ್ಬಕ್ಕೆ ಮತ್ತು ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬಕ್ಕೆ, ಬಿಣಗಾ, ಕಾರವಾರ, ಕಾಣಕೋಣದ ಜನ ದೋಣಿ ತುಂಬ ಬರುತ್ತಿದ್ದರು. ಕೊಂಕಣಿ ಮಾತಾಡುವ ಈ ಊರುಗಳ ನಡುವೆ ಗಡಿ ಇದ್ದದ್ದು ನಕ್ಷೆಯಲ್ಲಿ. ನೆಂಟಸ್ತಿಕೆ, ಮೀನು ವ್ಯಾಪಾರ, ಹರಕೆ ಯಾವುದೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1947ರ ನಂತರ ಆ ಗಡಿ ಚುಚ್ಚತೊಡಗಿತು. ಸ್ವತಂತ್ರ ಭಾರತದ ದಡದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ ಪರದೇಶದ ಸಿಪಾಯಿಗಳು. 1961ರ ನವೆಂಬರಿನಲ್ಲಿ ದ್ವೀಪದ ಬಳಿ ಹಾಯುತ್ತಿದ್ದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿಂದ ಗುಂಡು ಹಾರಿತು. ಹಡಗಿನ ಮುಖ್ಯ ಎಂಜಿನಿಯರ್ ಗಾಯಗೊಂಡರು. ದೆಹಲಿಯಲ್ಲಿ ಹದಿನಾಲ್ಕು ವರ್ಷದಿಂದ ಮುಂದೂಡಿಕೊಂಡು ಬಂದಿದ್ದ ನಿರ್ಧಾರಕ್ಕೆ ಈ ಗುಂಡು ಇನ್ನೊಂದು ನೂಕು ಕೊಟ್ಟಿತು.

ಡಿಸೆಂಬರ್ 18ರ ಬೆಳಗಿನ ಏಳು ಗಂಟೆ ದಾಟಿದಾಗ, ಐಎನ್ಎಸ್ ತ್ರಿಶೂಲ್ ಮತ್ತು ಐಎನ್ಎಸ್ ಮೈಸೂರು ಹಡಗುಗಳ ಬೆಂಬಲದಲ್ಲಿ ನೌಕಾಪಡೆಯ ತುಕಡಿ ದ್ವೀಪಕ್ಕೆ ಇಳಿಯಿತು. ಮುಂಚೂಣಿಯಲ್ಲಿ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ. ಮೊದಲ ದೋಣಿಗಳಲ್ಲಿದ್ದವರು ದಡ ಮುಟ್ಟಿದರು. ಪೋರ್ಚುಗೀಸರ ಕಡೆಯಿಂದ ಬಿಳಿ ಬಾವುಟ ಕಂಡಿತ್ತು. ಎರಡನೇ ಸಾಲಿನ ದೋಣಿಗಳು ಹತ್ತಿರವಾಗುತ್ತಿದ್ದಂತೆ ಗುಂಡಿನ ಮಳೆ ಶುರುವಾಯಿತು. ಹೊಡೆತ ತಿಂದ ದೋಣಿಗಳಲ್ಲೇ ನುಗ್ಗಿ ಇವರು ಇಳಿದರು. ಏಳು ಮಂದಿ ಪ್ರಾಣ ಕೊಟ್ಟರು, ಹಲವರು ಗಾಯಗೊಂಡರು. ಮೈಸೂರಿನ ಹೆಸರು ಹೊತ್ತ ಕ್ರೂಸರಿನ ತೋಪುಗಳು ಮೈಸೂರು ರಾಜ್ಯದ ಕರಾವಳಿಯ ಎದುರಿನ ಆ ಗುಡ್ಡದ ಮೇಲೆ ಗುಂಡು ಸುರಿದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ವಶವಾಯಿತು. ಬಂಡೆಗಳ ಸಂದಿಯಲ್ಲಿ ಅಡಗಿದ್ದ ಕೆಲವರು ಆಮೇಲೆ ಸಿಕ್ಕರು. ಕೊನೆಯ ಪೋರ್ಚುಗೀಸ್ ಸಿಪಾಯಿ ಈಜಿ ದಡ ಸೇರಿ ಡಿಸೆಂಬರ್ 22ರಂದು ಸೆರೆಯಾದ. ಗೋವೆ ವಿಮೋಚನೆ ಬಹುಪಾಲು ರಕ್ತಪಾತವಿಲ್ಲದೆ ಆಯಿತು ಎಂದು ಪಾಠಪುಸ್ತಕದ ಧಾಟಿಯಲ್ಲಿ ಹೇಳುವವರು ಅಂಜದೀವದ ಈ ಏಳು ಮಂದಿಯನ್ನು ಮರೆಯುತ್ತಾರೆ.

ದ್ವೀಪ ಸ್ವತಂತ್ರವಾಯಿತು, ಗೋವೆಯ ಜೊತೆಯೇ ಉಳಿಯಿತು. ಮುಂದಿನ ಬದಲಾವಣೆಗೆ ಗುಂಡು ಬೇಕಾಗಲಿಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಮುಂಬಯಿ ಬಂದರಿನಲ್ಲಿ ಯುದ್ಧನೌಕೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಆಳವಾದ ನೀರು, ಬೆನ್ನಿಗೆ ಗುಡ್ಡ, ಎದುರಿಗೆ ಅಲೆ ತಡೆಯುವ ದ್ವೀಪ ಇರುವ ಕೊಲ್ಲಿ ನೌಕಾಪಡೆಗೆ ಬೇಕಿತ್ತು. ಐನೂರು ವರ್ಷದ ಹಿಂದೆ ಹಾಯಿಹಡಗಿನವರು ಕಂಡುಕೊಂಡ ಮರೆಯೇ ಈ ಕಾಲದ ಎಂಜಿನಿಯರುಗಳ ನಕ್ಷೆಯಲ್ಲೂ ಬಂತು. ಬಿಣಗಾ ಕಡೆಯಿಂದ ಕಡಲಿಗೆ ಬಂಡೆಗಲ್ಲು ಸುರಿದು ಕಟ್ಟಿದ ತಡೆಗೋಡೆ ಅಂಜದೀವಕ್ಕೆ ಹೋಗಿ ಮುಟ್ಟಿತು. 2005ರ ಮೇ 31ರಂದು ಐಎನ್ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲೆ ತಾಲ್ಲೂಕಿನ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವರು ಅವರಲ್ಲಿ ಬಹಳ.

ಅಂಜದೀವದಲ್ಲಿ ಈಗ ನಾಗರಿಕರ ವಾಸವಿಲ್ಲ, ಅನುಮತಿಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ಫೆಬ್ರುವರಿ, ಅಕ್ಟೋಬರಿನ ಹಬ್ಬಗಳಿಗೆ ಮೊದಲಿನಂತೆ ಹೋಗಬಿಡಿ ಎಂದು ಭಕ್ತರು ಕೇಳುತ್ತ ಬಂದಿದ್ದಾರೆ. ನೆಲೆಯ ಭದ್ರತೆ ದೊಡ್ಡ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ವರ್ಷದ ಎರಡು ದಿನ, ಹೆಸರು ಬರೆಸಿ, ನೌಕಾಪಡೆಯದೇ ದೋಣಿಯಲ್ಲಿ ಕರೆದುಕೊಂಡು ಹೋಗಿ ಬಿಡಲಾರದಷ್ಟು ಕಷ್ಟದ ಕೆಲಸ ಅದಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ಇಗರ್ಜಿಯಲ್ಲಿ ದೀಕ್ಷಾಸ್ನಾನ ಪಡೆದವರ, ಅದರ ಅಂಗಳದಲ್ಲಿ ಮಣ್ಣಾದವರ ಮೊಮ್ಮಕ್ಕಳು ಇದೇ ದಡದಲ್ಲಿದ್ದಾರೆ.

ಇನ್ನೊಂದು ಕೆಲಸವೂ ಬಾಕಿಯಿದೆ. 1498ರ ದಿನಚರಿಯ ಎರಡು ಕಲ್ಲಿನ ಕೆರೆಗಳು ಎಲ್ಲಿವೆ, ಮೂರು ಕರಿಕಲ್ಲುಗಳಿದ್ದ ಗುಡಿಯ ಪಾಯ ಯಾವ ಗೋಡೆಯ ಕೆಳಗಿದೆ, ಶಿಪ್‌ಮನ್ನನ ಸೈನಿಕರನ್ನು ಹೂತದ್ದು ಎಲ್ಲಿ ಎಂಬುದನ್ನು ಅಳೆದು, ಚಿತ್ರ ತೆಗೆದು, ನಕ್ಷೆ ಬರೆದು ಇಡಬೇಕು. ಇದಕ್ಕೆ ಗೋವೆಯ ಪುರಾತತ್ವ ಇಲಾಖೆಯೊಂದೇ ಸಾಲದು. ದೇವಿ ಅಂಕೋಲೆಗೆ ಬಂದಿದ್ದಾಳೆ, ತಿಮ್ಮಯ್ಯ ಹೊನ್ನಾವರದವನು, ಹಾಲು ಕೋಳಿ ಹೊತ್ತು ಹೋದವರು ಎದುರು ದಡದ ಊರುಗಳವರು. ಕಾರವಾರದ ಕಡೆಯ ಇತಿಹಾಸಕಾರರೂ ಮೀನುಗಾರರೂ ಆ ತಂಡದಲ್ಲಿರಬೇಕು. ಯಾವ ಬಾವಿಗೆ ಬೇಸಿಗೆಯಲ್ಲೂ ನೀರಿರುತ್ತಿತ್ತು ಎಂಬುದು ಹಬ್ಬಕ್ಕೆ ಹೋಗಿ ಬಂದ ಹಿರಿಯರ ನೆನಪಿನಲ್ಲಿದೆ. ಅವರಲ್ಲಿ ಹೆಚ್ಚಿನವರಿಗೆ ಈಗಾಗಲೇ ಎಂಬತ್ತು ದಾಟಿದೆ.